ಖರ್ಚಿನ ಅಂದಾಜುಪಟ್ಟಿಯಲ್ಲಿ ವಿಕಲಚೇತನರಿಗೂ ಒಂದು ಸಾಲಿರಲಿ: ಶಿವಮೊಗ್ಗ ಜಿಲ್ಲಾಡಳಿತಕ್ಕೆ ಮತ್ತು ಕಲಾಸಂಘಟಕರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಅಧಿಕಾರಿಗಳಿಗೆ, ಶಿವಮೊಗ್ಗ ಮಹಾನಗರ ಪಾಲಿಕೆ ಹಾಗೂ ತಾಲ್ಲೂಕುಗಳ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ, ಜಿಲ್ಲೆಯ ನಾಟಕ, ಯಕ್ಷಗಾನ, ಸಂಗೀತ ಸಂಘಗಳ ಎಲ್ಲ ಸಂಘಟಕ ಮಿತ್ರರಿಗೆ,

ಮಾನ್ಯರೇ,

ಈ ಜಿಲ್ಲೆಯಲ್ಲಿ ವರ್ಷದ ಯಾವ ತಿಂಗಳಲ್ಲೂ ಕಲೆಗೆ ಬಿಡುವಿಲ್ಲ. ಮಳೆಗಾಲದಲ್ಲಿ ತಾಳಮದ್ದಳೆ, ಮಳೆ ಹಿಂದೆಗೆಯುತ್ತಿದ್ದಂತೆ ದಸರಾ, ದೀಪಾವಳಿಗೆ ಅಂಟಿಗೆ ಪಂಟಿಗೆ, ನವೆಂಬರಿನಲ್ಲಿ ರಾಜ್ಯೋತ್ಸವ, ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಬಯಲಾಟ, ಜಾತ್ರೆ, ಶಾಲೆಗಳ ವಾರ್ಷಿಕೋತ್ಸವ, ಹವ್ಯಾಸಿ ತಂಡಗಳ ನಾಟಕ. ಇವುಗಳಲ್ಲಿ ಬಹುಪಾಲು ಕಾರ್ಯಕ್ರಮಗಳು ಒಂದಲ್ಲ ಒಂದು ಹಂತದಲ್ಲಿ ನಿಮ್ಮ ಕಚೇರಿಗಳ ಮೇಜಿನ ಮೇಲೆ ಹಾದುಹೋಗುತ್ತವೆ: ಕೆಲವು ಧನಸಹಾಯದ ಅರ್ಜಿಯಾಗಿ, ಕೆಲವು ಧ್ವನಿವರ್ಧಕದ ಪರವಾನಗಿಗಾಗಿ, ಕೆಲವು ಸಭಾಂಗಣದ ಬಾಡಿಗೆ ರಿಯಾಯಿತಿಯ ಕೋರಿಕೆಯಾಗಿ. ಆ ಅರ್ಜಿ ನಮೂನೆಯಲ್ಲಿ ವಿಕಲಚೇತನರು ಈ ಕಾರ್ಯಕ್ರಮಕ್ಕೆ ಹೇಗೆ ಬರುತ್ತಾರೆ, ಎಲ್ಲಿ ಕೂರುತ್ತಾರೆ, ಹೇಗೆ ನೋಡುತ್ತಾರೆ ಅಥವಾ ಕೇಳುತ್ತಾರೆ, ಕಲಾವಿದರಾಗಿದ್ದರೆ ವೇದಿಕೆಯನ್ನು ಹೇಗೆ ಏರುತ್ತಾರೆ ಎಂಬ ಪ್ರಶ್ನೆಯೊಂದು ಕಡ್ಡಾಯವಾಗಿ ಇರಬೇಕು. ಅದಕ್ಕೆ ತಗಲುವ ವೆಚ್ಚವನ್ನು ಮೈಕು, ದೀಪ, ಶಾಮಿಯಾನದ ವೆಚ್ಚದಷ್ಟೇ ಸಹಜವಾಗಿ ಇಲಾಖೆ ಒಪ್ಪಬೇಕು. ಈ ಪತ್ರದ ಕೋರಿಕೆ ಇಷ್ಟೇ. ಇದನ್ನು ಏಕೆ ಕೇಳುತ್ತಿದ್ದೇನೆ, ಮಲೆನಾಡಿನಲ್ಲಿ ಇದನ್ನು ಹೇಗೆ ಮಾಡಬಹುದು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ಸಾಗರ ಸೀಮೆಯ ಒಂದು ಹವ್ಯಾಸಿ ತಂಡದಲ್ಲಿ ಬಹುಕಾಲದಿಂದ ನಾಟಕ ಆಡಿಸುವವನು, ಆಗಾಗ ಆಡುವವನು. ಕಾರ್ಯಕ್ರಮಕ್ಕೆ ಮೊದಲು ಕೂತು ಅಂದಾಜುಪಟ್ಟಿ ಬರೆಯುವುದು ಹೇಗೆಂದು ನಮ್ಮಂತಹ ಎಲ್ಲರಿಗೂ ಗೊತ್ತು. ಶಾಮಿಯಾನ, ಕುರ್ಚಿ, ಮೈಕ್‌ಸೆಟ್, ಬೆಳಕು, ಜನರೇಟರ್, ಬ್ಯಾನರ್, ಹಾರ-ತುರಾಯಿ, ನೆನಪಿನ ಕಾಣಿಕೆ, ಊಟ, ಕಲಾವಿದರ ಸಂಭಾವನೆ. ಪಟ್ಟಿಯಲ್ಲಿ ಬರೆದದ್ದು ನಡೆಯುತ್ತದೆ, ಬರೆಯದೇ ಇದ್ದದ್ದು ಒಳ್ಳೆಯ ಮನಸ್ಸಿಗೆ ಬಿಟ್ಟದ್ದು. ಗಾಲಿಕುರ್ಚಿಯಲ್ಲಿ ಯಾರಾದರೂ ಬಂದರೆ ನಾಲ್ಕು ಹುಡುಗರು ಓಡಿ ಬಂದು ಎತ್ತಿ ಒಳಗೆ ಕೂರಿಸುತ್ತಾರೆ. ನಮ್ಮ ಹುಡುಗರ ಒಳ್ಳೆಯತನದ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಹಾಗೆ ಎತ್ತಿಸಿಕೊಳ್ಳುವ ವ್ಯಕ್ತಿ ಪ್ರತಿ ಸಲವೂ ನಾಲ್ಕು ಜನರ ಋಣಕ್ಕೆ ಬಿದ್ದು ಒಳಗೆ ಬರಬೇಕಾಗುತ್ತದೆ ಮತ್ತು ಯಾವಾಗ ಮನೆಗೆ ಹೊರಡಬೇಕೆಂಬುದೂ ಅವರ ಕೈಯಲ್ಲಿ ಇರುವುದಿಲ್ಲ.

ಅಡಿಕೆ ತೋಟದಲ್ಲಿ ಮರವೇರಿ ಕೊನೆ ಕೊಯ್ಯುವ ಕೊನೆಗೌಡರಾಗಿ ದುಡಿಯುತ್ತಿದ್ದ ಒಬ್ಬರು ನನಗೆ ಪರಿಚಯ. ಒಳ್ಳೆಯ ಡೊಳ್ಳು ಕಲಾವಿದರಾಗಿದ್ದವರು. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಮಲೆನಾಡಿನ ಊರೂರಿನಲ್ಲಿ ಇಂಥವರಿದ್ದಾರೆ. ಈ ಸೀಮೆಯ ಆದಾಯದ ಬೆಳೆಯೇ ಇಲ್ಲಿನ ಎಷ್ಟೋ ಮನೆಗಳ ಯುವಕರನ್ನು ಹಾಸಿಗೆಗೆ ಕಟ್ಟಿಹಾಕಿದೆ. ಒಂದು ಸಭಾಂಗಣದಲ್ಲಿ ನಡೆದ ಜಾನಪದ ಕಾರ್ಯಕ್ರಮಕ್ಕೆ ಅವರನ್ನು ಅಭಿಮಾನದಿಂದ ಕರೆತಂದಿದ್ದರು. ಏಳು ಮೆಟ್ಟಿಲು ಎತ್ತಿ ಒಳಗೆ ತಂದ ಮೇಲೆ ಗಾಲಿಕುರ್ಚಿ ನಿಲ್ಲಿಸಲು ಸ್ಥಳವಿಲ್ಲದೆ ಎರಡು ಸಾಲುಗಳ ನಡುವಿನ ಓಡಾಟದ ದಾರಿಯಲ್ಲಿ ಕೂರಿಸಲಾಯಿತು. ಹೋಗಿ ಬರುವ ಪ್ರತಿಯೊಬ್ಬರೂ ಅವರ ಭುಜ ತಾಗಿಸಿಕೊಂಡೇ ದಾಟುತ್ತಿದ್ದರು. ನಡುವೆ ಚಹಾ ಬಂದಾಗ ಬೇಡವೆಂದರು. ನಾನು ಒತ್ತಾಯ ಮಾಡಿದ್ದಕ್ಕೆ ಮೆಲ್ಲನೆ ಹೇಳಿದರು: "ಮಧ್ಯಾಹ್ನದಿಂದ ನೀರೂ ಮುಟ್ಟಿಲ್ಲ ಮಾರಾಯ್ರೇ. ಕುಡಿದ್ರೆ ಆಮೇಲೆ ಎಲ್ಲಿಗೆ ಹೋಗದು?" ಆ ಕಟ್ಟಡದ ಶೌಚಾಲಯಕ್ಕೆ ಇನ್ನೂ ಮೂರು ಮೆಟ್ಟಿಲು ಇಳಿಯಬೇಕಿತ್ತು, ಬಾಗಿಲು ಗಾಲಿಕುರ್ಚಿಯ ಅಗಲಕ್ಕಿಂತ ಕಿರಿದಾಗಿತ್ತು. ತಾನು ಪ್ರೀತಿಸುವ ಕಲೆಯನ್ನು ಮೂರು ಗಂಟೆ ನೋಡುವುದಕ್ಕಾಗಿ ಒಬ್ಬ ಮನುಷ್ಯ ಅರ್ಧ ದಿನ ಬಾಯಾರಿಕೊಂಡು ಇರಬೇಕಾದ ಸ್ಥಿತಿಯನ್ನು ಯಾವ ಒಳ್ಳೆಯತನವೂ ಸರಿಪಡಿಸಲಾರದು. ಅದನ್ನು ಕಟ್ಟಡದ ನಕ್ಷೆಯೇ ಸರಿಪಡಿಸಬೇಕು.

ಇದು ಔದಾರ್ಯದ ವಿಷಯವಲ್ಲ, ಕಾನೂನಿನ ವಿಷಯ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ 29ನೆಯ ಸೆಕ್ಷನ್ ಪೂರ್ತಿಯಾಗಿ ಸಂಸ್ಕೃತಿ ಮತ್ತು ಮನರಂಜನೆಗೇ ಮೀಸಲು. ವಿಕಲಚೇತನ ಕಲಾವಿದರಿಗೂ ಲೇಖಕರಿಗೂ ನೆರವು ಮತ್ತು ಪ್ರಾಯೋಜಕತ್ವ ಕೊಡಬೇಕು, ಕಲೆಯನ್ನು ಅವರಿಗೆ ದಕ್ಕುವಂತೆ ಮಾಡಬೇಕು, ಕಲೆಯ ಕೋರ್ಸುಗಳನ್ನು ಅವರೂ ಭಾಗವಹಿಸುವಂತೆ ಮರುರೂಪಿಸಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಇದೆ. ಅದೇ ಕಾಯ್ದೆ ಸಾರ್ವಜನಿಕ ಕಟ್ಟಡ ಎಂದರೆ ಏನೆಂದು ಹೇಳುವಾಗ ಧಾರ್ಮಿಕ, ಸಾಂಸ್ಕೃತಿಕ ಮತ್ತು ಮನರಂಜನಾ ಚಟುವಟಿಕೆಗಳಿಗೆ ಜನರು ಬಳಸುವ ಕಟ್ಟಡಗಳನ್ನೂ, ಅವು ಸರ್ಕಾರದ್ದಾಗಿರಲಿ ಖಾಸಗಿಯದಾಗಿರಲಿ, ಸೇರಿಸಿಕೊಂಡಿದೆ. ಅಂದರೆ ನಮ್ಮ ರಂಗಮಂದಿರ, ಸಮುದಾಯ ಭವನ, ದೇವಸ್ಥಾನದ ಸಭಾಭವನ, ಕಲ್ಯಾಣ ಮಂಟಪ ಎಲ್ಲವೂ ಅದರೊಳಗೆ ಬರುತ್ತವೆ. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಾವಳಿ ಪ್ರಕಟವಾದ ಐದು ವರ್ಷಗಳ ಒಳಗೆ ಸರಿಪಡಿಸಬೇಕೆಂದು 45ನೆಯ ಸೆಕ್ಷನ್ ಹೇಳುತ್ತದೆ. ನಿಯಮಾವಳಿ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಆ ನಿಯಮಾವಳಿಯಲ್ಲಿನ ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯ ರೂಪದಲ್ಲಿ ಉಳಿದರೆ ಕಾಯ್ದೆಯ ಆಶಯಕ್ಕೇ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮಗಳನ್ನು ಬೇರೆಯಾಗಿ ರೂಪಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು. ಉಲ್ಲಂಘನೆಗೆ ದಂಡವೂ ಕಾಯ್ದೆಯಲ್ಲಿದೆ. ಆದರೆ ಊರಿನ ಸಂಘವೊಂದಕ್ಕೆ ದಂಡ ಹಾಕಿಸುವುದು ನನ್ನ ಉದ್ದೇಶವಲ್ಲ. ಆ ಸಂಘಗಳು ಅರ್ಜಿ ಹಾಕಲು ಬಂದಾಗಲೇ ಏನು ಮಾಡಬೇಕೆಂದು ಅವುಗಳಿಗೆ ತಿಳಿಯಬೇಕು, ಮಾಡಲು ಹಣವೂ ಸಿಗಬೇಕು.

ಎಷ್ಟು ಜನರಿದ್ದಾರೆ ಎಂದು ಕೇಳುವವರಿರುತ್ತಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಆಗಿನ ಕಾಯ್ದೆ ಗುರುತಿಸಿದ್ದು ಏಳು ಬಗೆಯ ವೈಕಲ್ಯಗಳನ್ನು. ಈಗಿನದು 21 ಬಗೆಗಳನ್ನು ಪಟ್ಟಿ ಮಾಡಿದೆ. ಜೊತೆಗೆ ಮೊಣಕಾಲು ನೋವಿನ, ಕಿವಿ ಮಂದವಾದ, ಕಣ್ಣಿಗೆ ಪೊರೆ ಬಂದ ನಮ್ಮ ಹಿರಿಯರನ್ನು ನೆನೆಯಿರಿ. ಯುವಕರು ಬೆಂಗಳೂರು ಸೇರಿ ಹಿರಿಯರೇ ಉಳಿದಿರುವ ಮಲೆನಾಡಿನ ಊರುಗಳಲ್ಲಿ ಪ್ರೇಕ್ಷಕರಲ್ಲಿ ದೊಡ್ಡ ಪಾಲು ಅವರೇ ಅಲ್ಲವೇ? ಇನ್ನು ಸಾಗರ ಮತ್ತು ಸುತ್ತಲಿನ ತಾಲ್ಲೂಕುಗಳ ಬಡ ದಲಿತ ಕುಟುಂಬಗಳನ್ನು ಕಾಡಿದ, 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯನ್ನು ಈ ಜಿಲ್ಲೆ ಮರೆಯುವಂತಿಲ್ಲ. ಅದರಿಂದ ಸೊಂಟದ, ಮೊಣಕಾಲಿನ ಕೀಲುಗಳು ಹಾಳಾದವರು ಚಾಪೆಯ ಮೇಲೆ ಕೂತು ಏಳಲಾರರು; ಕುಳ್ಳಾದ ದೇಹದವರು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಮುಂದಿನವರ ಬೆನ್ನನ್ನು ಬಿಟ್ಟು ಏನನ್ನೂ ಕಾಣಲಾರರು. ಊರಿನ ಆಟದಲ್ಲಿ ಅವರಿಗಾಗಿ ಮುಂದಿನ ಸಾಲಿನಲ್ಲಿ ಹತ್ತು ಕುರ್ಚಿ ಹಾಕಿ, ಗಣ್ಯರು ಬಂದರೂ ಬಿಟ್ಟುಕೊಡದೆ ಕಾಯುವುದಕ್ಕೆ ಯಾವ ಬಜೆಟ್ಟೂ ಬೇಡ.

ರ‍್ಯಾಂಪ್ ಎಂದಾಗ ಹೇಳಲೇಬೇಕಾದ ಕೆಲವು ಮಾತುಗಳಿವೆ, ಏಕೆಂದರೆ ರ‍್ಯಾಂಪ್ ಕಟ್ಟಿದ್ದೇವೆ ಎಂದು ಕಡತದಲ್ಲಿ ಬರೆದ ಎಷ್ಟೋ ಕಡೆ ಅದನ್ನು ಬಳಸಲು ಆಗುವುದಿಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಒಪ್ಪಿತ ಅಳತೆ. ಮೂರು ಅಡಿ ಎತ್ತರದ ವೇದಿಕೆಗೆ 36 ಅಡಿ ಉದ್ದದ ಇಳಿಜಾರು, ನಡುವೆ ತಂಗಲು ಸಮತಟ್ಟಾದ ಜಾಗ, ಎರಡೂ ಬದಿಗೆ ಹಿಡಿಕೆ ಬೇಕು. ಹತ್ತು ಅಡಿಯಲ್ಲಿ ಮುಗಿಸಿದರೆ ಅದು ಸಾಮಾನು ತಳ್ಳುವ ಗಾಡಿಗೆ ಆದೀತು, ಮನುಷ್ಯರಿಗೆ ಅಪಾಯ. ಮಲೆನಾಡಿನಲ್ಲಿ ಇನ್ನೊಂದು ಕಷ್ಟವಿದೆ. ಹೊಳಪಿನ ಗ್ರಾನೈಟ್ ಹಾಸಿದ ರ‍್ಯಾಂಪು ಜೂನ್‌ನಿಂದ ಅಕ್ಟೋಬರ್‌ವರೆಗೆ ಒದ್ದೆಯಾಗಿಯೇ ಇರುತ್ತದೆ, ಎರಡನೇ ಮಳೆಗಾಲಕ್ಕೆ ಪಾಚಿ ಕಟ್ಟುತ್ತದೆ. ಊರುಗೋಲು ಹಿಡಿದವರು ಅದರ ಮೇಲೆ ಹೆಜ್ಜೆ ಇಡುವುದಕ್ಕಿಂತ ಮೆಟ್ಟಿಲೇ ವಾಸಿ ಎನ್ನುತ್ತಾರೆ. ಇಲ್ಲಿ ಬೇಕಾದದ್ದು ಒರಟು ಮೈಯ ಕಾಂಕ್ರೀಟ್ ಮತ್ತು ಮೇಲೊಂದು ಮಾಡು. ಬಯಲಿನಲ್ಲಿ ಶಾಮಿಯಾನ ಹಾಕುವವರು ಮರದ ಹಲಗೆ, ಕಬ್ಬಿಣದ ಚೌಕಟ್ಟುಗಳಿಂದ ದೊಡ್ಡ ದೊಡ್ಡ ವೇದಿಕೆಗಳನ್ನೇ ಒಂದು ಹಗಲಿನಲ್ಲಿ ನಿಲ್ಲಿಸುತ್ತಾರೆ. ಟೆಂಡರಿನಲ್ಲಿ ಅಳತೆ ಸಹಿತ ಬರೆದರೆ ಅದೇ ಹಲಗೆಗಳಿಂದ ರ‍್ಯಾಂಪನ್ನೂ ನಿಲ್ಲಿಸುತ್ತಾರೆ. ಗೇಟಿನಿಂದ ಕುರ್ಚಿಯವರೆಗೆ ಕೆಸರಿನ ಮೇಲೆ ಗಟ್ಟಿ ಮ್ಯಾಟು, ಸರ್ಕಾರವೇ ಕೊಟ್ಟ ತ್ರಿಚಕ್ರ ವಾಹನಗಳು ಬಾಗಿಲ ಹತ್ತಿರವೇ ನಿಲ್ಲುವ ಜಾಗ, ಇವೂ ಅದೇ ಟೆಂಡರಿನಲ್ಲಿ ಸೇರಲಿ.

ಹಾಗೆಂದು ಇಡೀ ವಿಷಯವನ್ನು ಸಿಮೆಂಟಿಗೆ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಮಲೆನಾಡಿನ ಹಳೆಯ ಕಲೆಗಳನ್ನು ಸ್ವಲ್ಪ ನಿಧಾನವಾಗಿ ನೋಡಿದರೆ, ಅವುಗಳಲ್ಲಿ ಹಲವು ಎಲ್ಲರನ್ನೂ ಒಳಗೊಳ್ಳುವ ದಾರಿಯನ್ನು ತಾವೇ ಕಂಡುಕೊಂಡಿದ್ದವು ಎಂಬುದು ತಿಳಿಯುತ್ತದೆ. ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆ ಬಾಗಿಲಿಗೇ ಬರುತ್ತಿದ್ದರು. ಹಾಸಿಗೆ ಹಿಡಿದ ಅಜ್ಜಿಗೂ ಒಳಗಿನ ಕೋಣೆಯಲ್ಲಿ ಆ ಪದ ಕೇಳುತ್ತಿತ್ತು, ಬಯಸಿದರೆ ದೀಪವನ್ನು ಅವಳ ಮಂಚದ ಬಳಿಗೆ ಒಯ್ದು ತೋರಿಸುತ್ತಿದ್ದರು. ಬಯಲಾಟ ಗದ್ದೆಯಲ್ಲೋ ದೇವಸ್ಥಾನದ ಅಂಗಳದಲ್ಲೋ ನಡೆಯುತ್ತಿತ್ತು, ಮೆಟ್ಟಿಲಿನ ಪ್ರಶ್ನೆಯೇ ಇರಲಿಲ್ಲ. ಅಲ್ಲಿ ಜನ ನಡುವೆ ಎದ್ದು ಹೋಗಿ ಚಹಾ ಕುಡಿದು ಬರುತ್ತಿದ್ದರು, ಮಕ್ಕಳು ಕಂಬಳಿ ಹೊದ್ದು ನಿದ್ದೆ ಮಾಡುತ್ತಿದ್ದರು, ಯಾರಾದರೂ ಗಟ್ಟಿಯಾಗಿ ಮಾತನಾಡಿದರೆ ಆಟ ನಿಲ್ಲುತ್ತಿರಲಿಲ್ಲ. ಇಂದು ಆಟಿಸಂ ಅಥವಾ ಬುದ್ಧಿಮಾಂದ್ಯತೆ ಇರುವ ಮಕ್ಕಳಿಗಾಗಿ ಹೊರದೇಶದ ರಂಗಮಂದಿರಗಳು ವಿಶೇಷ ಪ್ರದರ್ಶನಗಳನ್ನು ಏರ್ಪಡಿಸುತ್ತವೆ: ಪ್ರೇಕ್ಷಕರ ಕಡೆಯ ದೀಪ ಪೂರ್ತಿ ಆರಿಸುವುದಿಲ್ಲ, ಧ್ವನಿ ತಗ್ಗಿಸುತ್ತಾರೆ, ಬಾಗಿಲು ತೆರೆದಿರುತ್ತದೆ, ಮಗು ಎದ್ದು ಓಡಾಡಿದರೂ ಕೂಗಿದರೂ ಯಾರೂ ಗದರುವುದಿಲ್ಲ. ನಮ್ಮ ಬಯಲಾಟದ ಸಭೆ ತನ್ನಷ್ಟಕ್ಕೆ ಹೀಗೇ ಇತ್ತು. ಕಲೆಯನ್ನು ನಾಲ್ಕು ಗೋಡೆಗಳ ಒಳಗೆ ತಂದು, ಕತ್ತಲು ಮಾಡಿ, ಮೌನವನ್ನು ನಿಯಮ ಮಾಡಿದಾಗ ಕಲೆಗೆ ಎಷ್ಟೋ ಲಾಭವಾಯಿತು. ಒಬ್ಬ ರಂಗಕರ್ಮಿಯಾಗಿ ಆ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬೆಲೆಯನ್ನು ತೆತ್ತದ್ದು ಇಂತಹ ಮಕ್ಕಳು ಮತ್ತು ಅವರ ತಾಯಂದಿರು. ಮಗ ಒಮ್ಮೆ ಕೂಗಿದ್ದಕ್ಕೆ ಹತ್ತು ತಲೆಗಳು ಹಿಂತಿರುಗಿ ನೋಡಿದ ಮೇಲೆ ಆ ತಾಯಿ ಮತ್ತೆ ನಾಟಕಕ್ಕೆ ಬರುವುದಿಲ್ಲ. ಪ್ರತಿ ನಾಟಕೋತ್ಸವದಲ್ಲಿ ಕನಿಷ್ಠ ಒಂದು ಹಗಲಿನ ಪ್ರದರ್ಶನವನ್ನು ಈ ರೀತಿ ತೆರೆದ ಬಾಗಿಲಿನಲ್ಲಿ ನಡೆಸುವುದು ಕಷ್ಟವಲ್ಲ.

ಕಣ್ಣು ಕಾಣದವರ ವಿಷಯದಲ್ಲಿ ನಮ್ಮ ಸೀಮೆ ಅದೃಷ್ಟವಂತ ಸೀಮೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಎಲ್ಲವೂ ಮಾತು ಮತ್ತು ಹಾಡು. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಕಾವ್ಯವಾಚನ ಮತ್ತು ವ್ಯಾಖ್ಯಾನವನ್ನು ಕೇಳಲು ದೃಷ್ಟಿ ಬೇಕಿಲ್ಲ, ಕೇಳುಗರು ಅಲ್ಲಿಗೆ ಹೋಗಿ ಬರಲು ಮಾತ್ರ ಜೊತೆ ಬೇಕು, ವಾಹನ ಬೇಕು. ಯಕ್ಷಗಾನದಲ್ಲಿ ಭಾಗವತಿಕೆ, ಚೆಂಡೆ, ಮದ್ದಳೆ, ಅರ್ಥಗಾರಿಕೆ ಅವರಿಗೆ ಪೂರ್ತಿ ದಕ್ಕುತ್ತದೆ. ತಪ್ಪುವುದು ಪಾತ್ರದ ಪ್ರವೇಶ, ತೆರೆಯ ಹಿಂದಿನ ಕುಣಿತ, ಮುಖಭಾವ. ಹಾಸ್ಯಗಾರ ಬಾಯಿ ತೆರೆಯುವ ಮೊದಲೇ ಜನ ಏಕೆ ನಕ್ಕರೆಂದು ಪಕ್ಕದವರನ್ನು ಕೇಳಿ ತಿಳಿಯಬೇಕಾಗುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಆಟ ತೊಡಗುವ ಮೊದಲು ದೃಷ್ಟಿದೋಷವುಳ್ಳವರನ್ನು ಚೌಕಿಗೆ, ಅಂದರೆ ಬಣ್ಣದ ಮನೆಗೆ, ಕರೆದೊಯ್ದು ಕಿರೀಟ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆಗಳನ್ನು ಮುಟ್ಟಿ ನೋಡಲು ಬಿಡುವುದು ಒಂದು. ಅಂಧ ಮಕ್ಕಳ ಚಿಕ್ಕ ಗುಂಪೊಂದನ್ನು ಹೀಗೆ ಚೌಕಿಗೆ ಕರೆತಂದದ್ದನ್ನು ನಾನು ಕಂಡಿದ್ದೇನೆ. ಒಬ್ಬ ಹುಡುಗಿ ಕಿರೀಟದ ಅಂಚನ್ನು ಎರಡೂ ಕೈಗಳಿಂದ ಸುತ್ತು ಹಾಕಿ ಅಳೆದು, ಅದರ ತೂಕವನ್ನು ಅಂಗೈಯಲ್ಲಿ ತೂಗಿ, "ಇದನ್ನ ಹೊತ್ಕೊಂಡು ಇವ್ರು ಕುಣೀತಾರಾ ಸರ್?" ಎಂದು ಕೇಳಿದಳು. ಆಮೇಲೆ ರಂಗದಲ್ಲಿ ಗೆಜ್ಜೆಯ ಸದ್ದು ಬಂದಾಗಲೆಲ್ಲ ಅವಳ ತಲೆ ಆ ಕಡೆಗೆ ತಿರುಗುತ್ತಿತ್ತು. ಎರಡನೆಯದು ವಿವರಣೆ: ಕಥೆ ಮತ್ತು ಪ್ರಸಂಗ ಚೆನ್ನಾಗಿ ಗೊತ್ತಿರುವ ಒಬ್ಬರು ಹಿಂದಿನ ಮೂಲೆಯಲ್ಲಿ ಕೂತು, ಮಾತಿಗೆ ಅಡ್ಡ ಬರದಂತೆ, ರಂಗದಲ್ಲಿ ಆಗುತ್ತಿರುವುದನ್ನು ಚುಟುಕಾಗಿ ಹೇಳುತ್ತ ಹೋದರೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡವರು ಮೊಬೈಲಿನ ಗುಂಪು ಕರೆಯಲ್ಲೇ ಅದನ್ನು ಕೇಳಿಸಿಕೊಳ್ಳಬಹುದು. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಇಬ್ಬರಿಗೊಬ್ಬರಂತೆ ಪಕ್ಕದಲ್ಲಿ ಕೂತು ಪಿಸುದನಿಯಲ್ಲಿ ಹೇಳುವವರನ್ನು ತಯಾರು ಮಾಡಬಹುದು. ಹೀಗೆ ವಿವರಿಸುವುದೂ ಒಂದು ಕಲೆ. ಹರಟೆ ಹೊಡೆಯುವವರಿಂದ ಆಗದು. ಶಿವಮೊಗ್ಗ ರಂಗಾಯಣದಂತಹ ಸಂಸ್ಥೆ ಇದಕ್ಕೊಂದು ತರಬೇತಿ ಶಿಬಿರ ನಡೆಸಿದರೆ ಜಿಲ್ಲೆಗೆ ಹತ್ತಿಪ್ಪತ್ತು ಮಂದಿ ಸಿದ್ಧವಾಗುತ್ತಾರೆ.

ಕಿವಿ ಕೇಳದವರಿಗೆ ಇದೇ ತಾಳಮದ್ದಳೆ ಮುಚ್ಚಿದ ಬಾಗಿಲು. ಅವರಿಗೆ ಯಕ್ಷಗಾನದ ವೇಷ ಮತ್ತು ಕುಣಿತ, ಡೊಳ್ಳು ಕುಣಿತ ಹತ್ತಿರದವು. ಡೊಳ್ಳಿನ ಪೆಟ್ಟು ನೆಲದ ಮೂಲಕ, ಎದೆಯ ಮೂಲಕ ತಿಳಿಯುತ್ತದೆ. ಅವರನ್ನು ಕುಣಿತದ ಸಮೀಪವೇ ಕೂರಿಸಬೇಕು. ಮಾತು ಮುಖ್ಯವಾದ ನಾಟಕಕ್ಕೆ ಸಂಜ್ಞಾ ಭಾಷೆಯ ದುಭಾಷಿಗಳು ಬೇಕು. ಕರೆದರೂ ನಮ್ಮವರು ಮಾಡುವ ಒಂದು ಎಡವಟ್ಟು ಎಂದರೆ ಅವರನ್ನು ಎಲ್ಲೋ ಮೂಲೆಯಲ್ಲಿ ನಿಲ್ಲಿಸಿ ಸಭಾಂಗಣದ ದೀಪ ಆರಿಸಿಬಿಡುವುದು. ಕತ್ತಲಲ್ಲಿ ಕೈಗಳು ಯಾರಿಗೆ ಕಾಣಬೇಕು? ದುಭಾಷಿಯ ಮೇಲೆ ಸ್ಥಿರವಾದ ಬೆಳಕು, ಅವರ ಎದುರಿಗೆ ಕಾಯ್ದಿರಿಸಿದ ಆಸನಗಳು, ಹದಿನೈದು ದಿನ ಮೊದಲೇ ಅವರ ಕೈಗೆ ನಾಟಕದ ಪ್ರತಿ, ಈ ಮೂರೂ ಬೇಕು. ದುಭಾಷಿಗಳು ಸಿಗದ ಕಡೆ ಸಂಭಾಷಣೆಯನ್ನು ರಂಗದ ಬದಿಯ ಪರದೆಯಲ್ಲಿ ಕನ್ನಡ ಅಕ್ಷರಗಳಲ್ಲಿ ತೋರಿಸಬಹುದು, ಒಂದು ಪ್ರೊಜೆಕ್ಟರು ಮತ್ತು ನಾಟಕ ಬಲ್ಲ ಒಬ್ಬ ಹುಡುಗ ಸಾಕು. ಇದರಿಂದ ಕಿವಿ ಮಂದವಾದ ಹಿರಿಯರಿಗೂ ಉಪಕಾರವಾಗುತ್ತದೆ. ಚಲನಚಿತ್ರ ಮಂದಿರಗಳಲ್ಲಿ ಇಂತಹ ಸೌಲಭ್ಯ ಒದಗಿಸಲು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ರಂಗಭೂಮಿ ಅದಕ್ಕಾಗಿ ಕಾಯುತ್ತ ಕೂರಬೇಕಿಲ್ಲ.

ವಸ್ತುಸಂಗ್ರಹಾಲಯಗಳ ಬಗ್ಗೆಯೂ ಒಂದು ಮಾತು. ಶಿವಪ್ಪನಾಯಕ ಅರಮನೆ, ಕುಪ್ಪಳಿಯ ಕವಿಮನೆ ಇವು ಹಳೆಯ ಕಟ್ಟಡಗಳು. ಅವುಗಳ ಮರದ ಮೆಟ್ಟಿಲು, ಹೊಸ್ತಿಲುಗಳನ್ನು ಕಿತ್ತು ಲಿಫ್ಟ್ ಹಾಕಿ ಎಂದು ಯಾರೂ ಕೇಳಬಾರದು, ನಾನಂತೂ ಕೇಳುವುದಿಲ್ಲ. ಹತ್ತಲು ಆಗದವರಿಗಾಗಿ ಮೇಲಂತಸ್ತಿನಲ್ಲಿ ಇರುವುದನ್ನೆಲ್ಲ ಕೆಳಗೇ ಕೂತು ನೋಡುವಂತೆ ಒಂದು ಒಳ್ಳೆಯ ವಿಡಿಯೊ, ಕಣ್ಣು ಕಾಣದವರು ಮುಟ್ಟಿ ತಿಳಿಯುವಂತೆ ಮನೆಯ ಒಂದು ಮರದ ಮಾದರಿ, ಕಡಗೋಲು, ಒನಕೆ, ಬುಟ್ಟಿಗಳಂತಹ ಹಳೆಯ ವಸ್ತುಗಳ ಜೋಡಿ ಪ್ರತಿಗಳು, ಕನ್ನಡ ಬ್ರೈಲ್‌ನಲ್ಲಿ ವಿವರ, ಇಷ್ಟು ಸಾಧ್ಯ. ದೀವರ ಮನೆಗಳ ಹಸೆ ಚಿತ್ತಾರ ಎಳೆಗಳಿಂದಲೇ ಕಟ್ಟಿದ ಕಲೆಯಾದ್ದರಿಂದ ಹಲಗೆಯ ಮೇಲೆ ದಪ್ಪ ನೂಲನ್ನು ಅಂಟಿಸಿ ಅದರ ವಿನ್ಯಾಸಗಳನ್ನು ಬೆರಳಿಗೆ ಸಿಗುವಂತೆ ಮಾಡಬಹುದು. ನಮ್ಮ ಚಿತ್ತಾರದ ಹೆಣ್ಣುಮಕ್ಕಳಿಗೆ ಹೇಳಿದರೆ ನಮಗಿಂತ ಚೆನ್ನಾಗಿ ದಾರಿ ಹುಡುಕಿಯಾರು.

ಕಾರ್ಯಕ್ರಮ ಇದೆ ಎಂದೇ ತಿಳಿಯದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಇಂದು ಆಹ್ವಾನ ಪತ್ರಿಕೆ ಎಂದರೆ ವಾಟ್ಸಾಪಿನಲ್ಲಿ ಹರಿದಾಡುವ ಒಂದು ಚಿತ್ರ. ಅಂಧರ ಮೊಬೈಲಿನಲ್ಲಿ ಬರಹವನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಬರೀ ಚಿತ್ರ, ಒಳಗಿನ ಅಕ್ಷರ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ಪ್ರಕಟಣೆಗಳನ್ನು ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಚಿತ್ರದ ಜೊತೆಗೆ ಯೂನಿಕೋಡ್ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕುವುದು, ಅದರಲ್ಲಿ "ರ‍್ಯಾಂಪ್ ಇದೆ, ಗಾಲಿಕುರ್ಚಿ ಹೋಗುವ ಶೌಚಾಲಯ ಇದೆ, ಸಂಜ್ಞಾ ಭಾಷೆ ಇದೆ, ನೆರವು ಬೇಕಾದವರು ಈ ಸಂಖ್ಯೆಗೆ ಕರೆ ಮಾಡಿ" ಎಂದು ತಿಳಿಸುವುದು, ಇಲ್ಲದ್ದನ್ನು ಇಲ್ಲವೆಂದೇ ಪ್ರಾಮಾಣಿಕವಾಗಿ ಹೇಳುವುದು ಯಾವ ಸಂಘಕ್ಕೂ ಭಾರವಲ್ಲ. ಆಕಾಶವಾಣಿ ಭದ್ರಾವತಿಯಲ್ಲಿ ಈ ವಿವರ ಬಂದರೆ ಊರ ಮೂಲೆಯ ಮನೆಗೂ ತಲುಪುತ್ತದೆ.

ಇಷ್ಟು ಹೊತ್ತು ಪ್ರೇಕ್ಷಕರ ಬಗ್ಗೆ ಬರೆದೆ. ಆದರೆ ನನ್ನ ಮನಸ್ಸಿಗೆ ಇದಕ್ಕಿಂತ ಹತ್ತಿರವಾದ ಪ್ರಶ್ನೆ ವೇದಿಕೆಯ ಮೇಲಿನವರದು. ಕನ್ನಡ ನಾಡಿಗೆ ಇದು ಹೊಸ ವಿಷಯವೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸ್ವತಃ ಅಂಧರಾದ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳನ್ನು ಕರುಣೆಯ ಪಾತ್ರಗಳಾಗಿ ಬೆಳೆಸದೆ ಸಂಗೀತಗಾರರಾಗಿ ತಯಾರು ಮಾಡಿದರು, ನಾಟಕ ಕಂಪನಿಯನ್ನೂ ಕಟ್ಟಿ ನಡೆಸಿದರು. 2010ರಲ್ಲಿ ಪುಟ್ಟರಾಜ ಗವಾಯಿಗಳಿಗೆ ಪದ್ಮಭೂಷಣ ಬಂತು. ಅಂತಹ ಪರಂಪರೆ ಇರುವ ನಾಡಿನಲ್ಲಿ ಇಂದು ವಿಕಲಚೇತನ ಕಲಾವಿದರಿಗೆ ಸಿಗುವ ವೇದಿಕೆ ಬಹುಮಟ್ಟಿಗೆ ವಿಶ್ವ ವಿಕಲಚೇತನರ ದಿನವಾದ ಡಿಸೆಂಬರ್ 3ರದು ಮಾತ್ರ. ಅಂದು ಹಾಡಿಸಿ, ಶಾಲು ಹೊದಿಸಿ, ಫೋಟೊ ತೆಗೆದು ಕಳಿಸುತ್ತಾರೆ. ನಾನು ಕೇಳುವುದು ಅವರ ಹೆಸರು ದಸರಾದ, ರಾಜ್ಯೋತ್ಸವದ, ನಾಟಕೋತ್ಸವದ ಮುಖ್ಯ ಪಟ್ಟಿಯಲ್ಲಿ, ಉಳಿದ ಕಲಾವಿದರ ಹೆಸರಿನ ನಡುವೆ, ಅದೇ ಸಂಭಾವನೆಯೊಂದಿಗೆ, ಕಲೆಯ ಗುಣವನ್ನು ನೋಡಿಯೇ ಬರಬೇಕು ಎಂದು. ಪ್ರಶಸ್ತಿಯನ್ನು ವೇದಿಕೆಯಿಂದ ಇಳಿದು ಬಂದು ಗಾಲಿಕುರ್ಚಿಯಲ್ಲಿದ್ದವರ ಕೈಗೆ ಕೊಡುವುದನ್ನು ಸಭೆ ಚಪ್ಪಾಳೆ ತಟ್ಟಿ ಮೆಚ್ಚುತ್ತದೆ. ಆ ಚಪ್ಪಾಳೆಯ ಹೊತ್ತಿನಲ್ಲಿ ಉಳಿದ ಪುರಸ್ಕೃತರು ಮೇಲೆ ಕೂತಿರುತ್ತಾರೆ, ಇವರೊಬ್ಬರು ಕೆಳಗೆ. ಪ್ರೇಕ್ಷಕರ ಕಡೆಯ ರ‍್ಯಾಂಪಿನಷ್ಟೇ ವೇದಿಕೆಯ ಮತ್ತು ಬಣ್ಣದ ಮನೆಯ ರ‍್ಯಾಂಪೂ ಮುಖ್ಯವಾಗುವುದು ಇದಕ್ಕಾಗಿ.

ಕಲಿಕೆಯ ವಿಷಯವೂ ಹೀಗೆಯೇ. ಕೆ.ವಿ. ಸುಬ್ಬಣ್ಣನವರು ಮತ್ತು ಅವರ ಗೆಳೆಯರು 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಮ್ ಕಟ್ಟಿ, ಕುಗ್ರಾಮವೊಂದರಲ್ಲಿ ಜಗತ್ತಿನ ನಾಟಕ, ಸಿನಿಮಾ ನೋಡಲು ಸಾಧ್ಯ ಎಂದು ತೋರಿಸಿದರು. ಅಲ್ಲಿನ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತೊಡಗಿದ ಸಂಚಾರಿ ನಾಟಕ ತಂಡ ತಿರುಗಾಟ ನಾಡಿಗೆಲ್ಲ ಪರಿಚಿತ. ಊರು ಚಿಕ್ಕದೆಂಬುದು ಅಡ್ಡಿಯಲ್ಲ ಎಂದು ತೋರಿಸಿಕೊಟ್ಟ ಈ ನೆಲದಲ್ಲಿಯೇ ದೇಹ ಭಿನ್ನವೆಂಬುದೂ ಅಡ್ಡಿಯಲ್ಲ ಎಂಬ ಪ್ರಯೋಗ ನಡೆಯಬೇಕೆಂಬುದು ನನ್ನ ಆಸೆ. ಶ್ರವಣದೋಷವುಳ್ಳ ನಟರು ದೇಹಭಾಷೆಯಲ್ಲಿ ನಮಗಿಂತ ಎಷ್ಟೋ ನುರಿತವರು; ಅವರಿಗೆ ಪ್ರವೇಶ ಕೊಟ್ಟರೆ ಕಲಿಸುವವರಿಗೂ ಕಲಿಯುವುದು ಇರುತ್ತದೆ. ತಿರುಗಾಟ ಮಾಡುವ ಎಲ್ಲ ತಂಡಗಳೂ ಪ್ರದರ್ಶನಕ್ಕೆ ಮುನ್ನ ಸ್ಥಳೀಯ ಸಂಘಟಕರಿಂದ ರಂಗದ ಅಳತೆ, ವಿದ್ಯುತ್ ಸಂಪರ್ಕ, ಊಟ, ವಸತಿಯ ವಿವರ ಕೇಳುತ್ತವೆ. ಅದೇ ಕಾಗದದಲ್ಲಿ ರ‍್ಯಾಂಪ್ ಇದೆಯೇ, ಶೌಚಾಲಯ ಎಂಥದ್ದು, ಎಷ್ಟು ಗಾಲಿಕುರ್ಚಿಗಳಿಗೆ ಜಾಗವಿದೆ ಎಂಬ ಒಂದು ಪ್ರಶ್ನೆ ಸೇರಿದರೆ ಸಾಕು, ನೂರು ಊರಿನ ಸಂಘಟಕರು ತಮ್ಮ ಸಭಾಂಗಣವನ್ನು ಒಮ್ಮೆ ಆ ಕಣ್ಣಿನಿಂದ ನೋಡುತ್ತಾರೆ.

ಹಣದ ಮಾತು ಬಂದೇ ಬರುತ್ತದೆ. ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಒಂದು ತಾಲ್ಲೂಕಿಗೆ ಒಂದರಂತೆ ಜೋಡಿಸಿ ಬಿಚ್ಚಬಹುದಾದ ರ‍್ಯಾಂಪ್, ಒಂದೆರಡು ಗಾಲಿಕುರ್ಚಿ, ಒಂದು ಪ್ರೊಜೆ‌ಕ್ಟರ್, ಗಾಲಿಕುರ್ಚಿ ಹೋಗುವ ಒಂದು ಸಂಚಾರಿ ಶೌಚಾಲಯ ಕೊಂಡು ಸಂಘಗಳಿಗೆ ಉಚಿತವಾಗಿ ಎರವಲು ಕೊಡಲು ಆ ಮೊತ್ತದ ಚಿಕ್ಕ ಪಾಲು ಸಾಕು. ಪ್ರತಿ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಯಾವ ಆಸಕ್ತಿ ಎಂಬುದು ತಿಳಿದಿರುತ್ತದೆ. ಕಾರ್ಯಕ್ರಮದ ಮುನ್ನ ಅವರನ್ನು ಕೇಳುವ ಪದ್ಧತಿ ಬರಲಿ. ರಾತ್ರಿ ಹತ್ತರ ಮೇಲೆ ಹಳ್ಳಿಗೆ ಬಸ್ಸಿಲ್ಲದ ಈ ಸೀಮೆಯಲ್ಲಿ ಸಭಾ ಕಾರ್ಯಕ್ರಮದ ಭಾಷಣಗಳು ಹೊತ್ತು ಮೀರಿದಷ್ಟೂ ಮೊದಲು ಎದ್ದು ಹೋಗಬೇಕಾದವರು ಇವರೇ ಎಂಬುದನ್ನು ಭಾಷಣಕಾರರು ನೆನಪಿಡಲಿ. ಸಾಧ್ಯವಾದ ಕಡೆ ಒಂದು ವಾಹನದ ವ್ಯವಸ್ಥೆಯೂ ಅಂದಾಜುಪಟ್ಟಿಯಲ್ಲಿ ಸೇರಲಿ. ದಸರಾ, ರಾಜ್ಯೋತ್ಸವ, ಜಾತ್ರಾ ಸಮಿತಿಗಳಲ್ಲಿ ಕನಿಷ್ಠ ಇಬ್ಬರು ವಿಕಲಚೇತನ ಸದಸ್ಯರಿರಲಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಅವರ ಸಲಹೆಯನ್ನು ವೇದಿಕೆ ಕಟ್ಟಿದ ಮೇಲೆ ಕೇಳದೆ ಜಾಗ ಗೊತ್ತು ಮಾಡುವ ಮೊದಲೇ ಕೇಳಲಿ.

ಮುಂದಿನ ದಸರಾಕ್ಕೆ ಮುನ್ನ ಜಿಲ್ಲೆಯ ಎಲ್ಲ ಸರ್ಕಾರಿ ರಂಗಮಂದಿರ ಮತ್ತು ಸಮುದಾಯ ಭವನಗಳ ಸ್ಥಳ ಪರಿಶೀಲನೆ ನಡೆಸಿ, ಯಾವುದರಲ್ಲಿ ಏನಿದೆ ಏನಿಲ್ಲ ಎಂಬ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಜಿಲ್ಲಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಆ ಪರಿಶೀಲನೆಗೆ ಗಾಲಿಕುರ್ಚಿ ಬಳಸುವವರು, ಅಂಧರು, ಶ್ರವಣದೋಷವುಳ್ಳವರು ಎಂಜಿನಿಯರುಗಳ ಜೊತೆಯಲ್ಲಿಯೇ ಬರುತ್ತಾರೆ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಮಟ್ಟಿಗೆ ಅಂಥವರನ್ನು ಒಟ್ಟುಗೂಡಿಸಿ ಕರೆತರುವ ಹೊಣೆಯನ್ನು ನಮ್ಮ ತಂಡ ಹೊರುತ್ತದೆ. ದಿನವನ್ನು ತಾವು ಗೊತ್ತು ಮಾಡಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಹವ್ಯಾಸಿ ರಂಗಕರ್ಮಿ